ಚರಗದ ಹೊರಗಿನ ಮೂವತ್ತು ಫೂಟು

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ಗಾದೆ. ಭೀಮಾ ಹೊಳೆಯ ದಂಡೆಯ ಮಳಲಗುಂದಿಯಲ್ಲಿ ಆ ಗಾದೆ ತಲೆಕೆಳಗಾಗಿ ಬಿತ್ತು. ಅಲ್ಲಿ ಹೊಲವೇ ಎದ್ದು ಬೇಲಿಯನ್ನು ಮೇಯ್ದಿತು. ಮೇಯ್ದು ತೇಗುವುದರೊಳಗೆ ಹೊಳೆ ಎದ್ದು ಹೊಲವನ್ನು ಮೇಯ್ದಿತು. ಇದು ಹರಟೆಕಟ್ಟೆಯ ಮೇಲೆ ಹೊಸೆದ ಕಥೆಯಲ್ಲ, ನಡೆದ ಸಂಗತಿ. ನಂಬದವರು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಮಳಲಗುಂದಿಯ ಟಂಟಂ ಆಟೋ ಹತ್ತಿ, ಸೊಂಟ ಉಳಿದಿದ್ದರೆ ಊರಲ್ಲಿ ಇಳಿದು ಕೇಳಬಹುದು. ಎಲ್ಲರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ತರಹ. ಧರ್ಮರಾಜ ಹೇಳುವುದೇ ಖರೆ, ಯಾಕೆಂದರೆ ಕಳ್ಳತನ ಮಾಡಿದವನು ಅವನೇ. ಕದ್ದದ್ದು ಒಂದು ದನಿಯನ್ನು, ಅದೂ ಸತ್ತವನ ದನಿಯನ್ನು.

ಧರ್ಮರಾಜ ಗುಂಡವ್ವನ ಒಬ್ಬನೇ ಮಗ. ಸಿಂದಗಿಯ ಕಾಲೇಜಿನಲ್ಲಿ ಬಿ.ಎ. ಮಾಡಿದ್ದ. ಆದರೆ ಯೂನಿವರ್ಸಿಟಿ ಪದವಿ ಕೊಡುವ ಮೊದಲೇ ಊರು ಅವನಿಗೆ ‘ದನಿಗಳ್ಳ’ ಎಂಬ ಪದವಿ ಕೊಟ್ಟು ಮುಗಿಸಿತ್ತು. ಮೂಗಿನಿಂದಲೇ ಚಡಚಣದ ಟಿಕೀಟು ಹರಿಯುವ ಕಂಡಕ್ಟರ್, ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಹರಾಜಿನ ಸವಾಲು ಕೂಗುವವನು, ಮಾತಿಗೊಮ್ಮೆ ಕೆಮ್ಮುವ ಹೆಡ್‌ಮಾಸ್ತರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆ ಇಲ್ಲದೆ ಬಿಡಾರ ಹೂಡಿದ್ದರು. 2003ರಲ್ಲಿ ಇಂಡಿ ಪಟ್ಟಣದ ಒಂದು ಸಂಸ್ಥೆ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. ಹೊಳೆದಂಡೆಯಲ್ಲಿ ಹೊಲವಿದ್ದವರಿಗೆ ದಂಡೆಯನ್ನು ಕಾಯುವುದು ಕಲಿಸಬೇಕು. ನೀರಿನ ಅಂಚಿನಿಂದ ಮೂವತ್ತು ಫೂಟು ಉಳಬೇಡಿ, ಅಲ್ಲಿ ತಾವೇ ಬೆಳೆದ ಆಪು, ನೊಕ್ಕಿ, ಕರಿಕೆಯಂಥ ಹುಲ್ಲು-ಪೊದೆಗಳನ್ನು ಕೀಳಬೇಡಿ, ಮಣ್ಣನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಬೇರು. ಪಾಠ ಇಷ್ಟೇ.

ಪಾಠ ಇಪ್ಪತ್ತು ಮಂದಿಗೆ; ಧರ್ಮರಾಜನಿಗೆ ಬೇಕಾಗಿದ್ದ ವಿದ್ಯಾರ್ಥಿ ಮಾತ್ರ ಒಬ್ಬನೇ, ಬಸಂತರಾಯ. ಹೊಳೆ ಮೈ ತಿರುವಿ ಗುದ್ದುವ ಜಾಗದಲ್ಲೇ ಬಸಂತರಾಯನ ಹದಿನೆಂಟು ಎಕರೆ ಇತ್ತು. ಅದರ ಬೆನ್ನಿಗೆ ಆತುಕೊಂಡು ಗುಂಡವ್ವನ ಒಂದೂಕಾಲು ಎಕರೆ, ಅದರಲ್ಲೊಂದು ತಗಡಿನ ಮನೆ, ಮನೆಯಲ್ಲೊಂದು ಬುದ್ಧನ ಪಟ. ಹನ್ನೊಂದು ವರ್ಷ ಕಚೇರಿ ಅಲೆದು ಪಡೆದ ನೆಲ ಅದು. ತಿರುವಿನಲ್ಲಿ ಬಸಂತರಾಯನ ದಂಡೆ ಒಡೆದರೆ ಹೊಳೆ ನೆಟ್ಟಗೆ ಗುಂಡವ್ವನ ಒಲೆಯೊಳಗೆ ಬರುತ್ತಿತ್ತು.

ಬಸಂತರಾಯನಿಗೆ ಎಪ್ಪತ್ತೆರಡು. ಎರಡೂ ಕಣ್ಣು ಹೋಗಿದ್ದವು. ಹೋದದ್ದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿರುವುದು ಅವನೊಬ್ಬನಿಗೆ ಗೊತ್ತಿರಲಿಲ್ಲ. ದಿನಾ ಮುಂಜಾನೆ ಪಡಸಾಲೆಯಲ್ಲಿ ಪೇಪರು ಹಿಡಿದು ಕೂಡುತ್ತಿದ್ದ, ಒಮ್ಮೊಮ್ಮೆ ತಲೆಕೆಳಗಾಗಿ. ಪೇಪರನ್ನು ತಿರುಗಿಸಿ ಕೊಡುವ ಧೈರ್ಯ ಆಳು ಮಡಿವಾಳಪ್ಪನಿಗೊಬ್ಬನಿಗೇ ಇತ್ತು. ‘ಗಾಳಿಗಿ ತಿರಗಿತ್ರಿ ಧಣ್ಯಾರ’ ಎಂದು ಮಾನ ಉಳಿಸಿ ಕೊಡುತ್ತಿದ್ದ.

ಆ ಪಡಸಾಲೆಯಲ್ಲೇ ಮೊದಲ ಪಾಠ ನಡೆಯಿತು. ಧರ್ಮರಾಜ ಗೋಡೆಗೆ ಚಿತ್ರ ತೂಗುಹಾಕಿ ಶುರುಮಾಡಿದ.

“ದಂಡಿ ಅಂದ್ರ ಹೊಳಿ ತುಟಿ ಇದ್ದಂಗ್ರಿ. ತುಟಿ ಮ್ಯಾಲಿನ ಮೀಸಿ ಬೋಳಸಬ್ಯಾಡ್ರಿ.”

ಮಗ್ಗುಲ ಹೊಲದ ರಾವಸಾಬ ಎಲೆಅಡಿಕೆ ಉಗುಳಿ ಬಂದ. “ಮೀಸಿ ಬಂದ್ರ ಗಂಗವ್ವ ಗಂಗಪ್ಪ ಆಗಾಂಗಿಲ್ಲೇನೋ? ಉಡಿ ತುಂಬಾಕ ಹೋದ ಹೆಂಗಸ್ರು ನಾಚಿ ವಾಪಸ್ ಬಂದಾರು.”

ಪಡಸಾಲೆ ಬಿದ್ದು ನಕ್ಕಿತು. ಧರ್ಮರಾಜನೂ ನಕ್ಕ, ನಗದಿದ್ದರೆ ಮುಂದಿನ ಮಾತು ಕೇಳುವವರಿರಲಿಲ್ಲ.

“ಮೂವತ್ತು ಫೂಟು ಬಿಟ್ರ ಸಾಕ್ರಿ, ಉಳದದ್ದು ಉಳೀತೈತಿ.”

“ನಿಮ್ಮವ್ವನ ಹೊಲಾನ ಮೂವತ್ತು ಫೂಟು ಐತಿ. ಮೊದಲ ಅದನ್ನ ಬಿಡು,” ಎಂದ ರಾವಸಾಬ. “ಕಬ್ಬಿನ ಹತ್ತು ಸಾಲು ಅಲ್ಲೋ ಅದು!”

“ಸಾಕ ಬಿಡ್ರೋ ಪಾಠ,” ಬಸಂತರಾಯ ಕೈಯೆತ್ತಿದ. “ಲೇ ಧರ್ಮಾ, ಆ ಸವಾಲಿನವನ ದನಿ ತಗಿ. ನಗಿಸು ಮೊದಲ.”

ಧರ್ಮರಾಜ ತೆಗೆದ. ಸವಾಲಿನವನ ದನಿಯಲ್ಲೇ ಆಪಿನ ಬೇರು, ನೊಕ್ಕಿಯ ಬೇರು, ‘ಒಂದ್ಸಲ, ಎರಡ್ಸಲ’ ಎಂದು ಮಣ್ಣು ಸವಾಲಿಗಿಟ್ಟ. ಮಂದಿ ಕಣ್ಣೀರು ಬರುವಂತೆ ನಕ್ಕರು. ಮರುದಿನ ಅದೇ ಮಂದಿ ಕುಡುಗೋಲು ಹಿಡಿದು ದಂಡೆಗೆ ಇಳಿದರು. ದನಿ ಅವರಿಗೆ ನೆನಪಿತ್ತು, ಹೇಳಿದ್ದು ಮಾತ್ರ ಹೊಳೆ ಕೂಡಿತ್ತು.

ಅಂದು ಬಾಗಿಲಲ್ಲಿ ನಿಂತಿದ್ದ ಮಡಿವಾಳಪ್ಪ ಒಬ್ಬನೇ ನಕ್ಕಿರಲಿಲ್ಲ. “ಹುಡುಗ ಹೇಳೂದು ಖರೇ ಐತ್ರಿ ಧಣ್ಯಾರ. ಅಂಚಿನ್ಯಾಗ ಕುಂಟಿ ಹೊಡಿಬೇಕಾದ್ರ ನೆಲ ಡಗ್ಗಾ ಬಡದಂಗ ಸಪ್ಪಳ ಮಾಡ್ತೈತಿ. ಒಳಗ ಟೊಳ್ಳ ಆಗೇತಿ.”

“ನೀ ಎತ್ತಿಗಿ ಬುದ್ಧಿ ಹೇಳು,” ಎಂದ ಬಸಂತರಾಯ. “ನನಗ ಹೇಳಬ್ಯಾಡ.”

ಸೆಪ್ಟೆಂಬರಿನಲ್ಲಿ ಹೊಳೆ ತುಂಬಿ ಇಳಿದಿತ್ತು. ಬಿಳಿಜೋಳ ಬಿತ್ತುವ ಮುಂಚೆ ಮಡಿವಾಳಪ್ಪ ಅಂಚಿನ ಸಾಲಿಗೆ ಕುಂಟೆ ಹೂಡಿದ. ಎರಡನೆಯ ಸುತ್ತಿನಲ್ಲಿ ನೆಲ ಸಪ್ಪಳವನ್ನೇ ಮಾಡಲಿಲ್ಲ. ಎತ್ತು, ಕುಂಟೆ, ಮಡಿವಾಳಪ್ಪ, ಆರು ಮಾರು ಮಣ್ಣು, ಎಲ್ಲವೂ ಒಟ್ಟಿಗೆ ಜಾರಿ ಹೋದವು. ನೊಗದಲ್ಲಿ ಕುತ್ತಿಗೆ ಮುರಿದ ಎತ್ತುಗಳು ಅಂದೇ ತೇಲಿದವು. ಮಡಿವಾಳಪ್ಪ ಮೂರನೆಯ ದಿನ ಕೆಳಗಿನ ಬ್ಯಾರೇಜಿನ ಗೇಟಿಗೆ ಆತುಕೊಂಡಿದ್ದ. ಮುಷ್ಟಿಯಲ್ಲಿ ಬಾರುಕೋಲು ಇನ್ನೂ ಇತ್ತು; ಬಿಡಿಸಲಾಗದೆ ಅದರೊಂದಿಗೇ ಮಣ್ಣು ಕೊಟ್ಟರು. ಅವನ ಹೆಂಡತಿ ತಿಪ್ಪವ್ವ ಅಳಲಿಲ್ಲ. ಬಸಂತರಾಯ ಮಣ್ಣಿಗೆ ಬಂದು ಹೋದ. ಎಂಟು ದಿನಕ್ಕೆ ಬೇರೆ ಆಳು, ಬೇರೆ ಎತ್ತು ಬಂದವು. ಉಳಿದ ಅಂಚಿಗೆ ಜೋಳ ಬಿತ್ತಿದರು.

ಗುಂಡವ್ವ ಹಗ್ಗ ಹಿಡಿದು ಅಳೆದಳು. ಒಡೆದ ದಂಡೆಯಿಂದ ಅವಳ ಹೊಲಕ್ಕೆ ಹದಿನೈದು ಮಾರು ಉಳಿದಿತ್ತು.

“ಇನ್ನೊಂದು ವರ್ಷ ಅಂಚು ಉತ್ರಂದ್ರ ನಮ್ಮದು ಹೋತು, ತಮ್ಮಾ,” ಎಂದಳು. “ನೀ ಊರಿಗೆಲ್ಲ ಪಾಠ ಹೇಳ್ತಿ. ಆ ಕುರುಡಗ ಹೇಳಾಕ ಆಗೂದಿಲ್ಲೇನು?”

“ಅವ ನನ್ನ ಮಾತು ಕೇಳೂದಿಲ್ಲಬೇ. ನನ್ನ ದನಿ ಕೇಳ್ತಾನ, ಮಾತು ಕೇಳೂದಿಲ್ಲ.”

ಹೀಗೆ ಅಂದವನು ತನ್ನ ಮಾತನ್ನೇ ಇನ್ನೊಮ್ಮೆ ಅಂದು ನೋಡಿದ.

ಎಳ್ಳಮಾವಾಸ್ಯೆಗೆ ಆ ಕಡೆಯ ಒಕ್ಕಲಿಗರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿ ಬಸುರಿ, ಅವಳ ಬಯಕೆಗೆ ಸಜ್ಜೆಯ ಕಡಬು, ಭಜ್ಜಿ, ಪುಂಡಿಪಲ್ಲೆ ಕಲಸಿ ಹೊಲದ ಸುತ್ತ ಚೆಲ್ಲುವುದೇ ಚರಗ. ಮುಂದಿನವನು ‘ಹುಲ್ಲುಲಿಗ್ಯೋ’ ಎಂದು ಕೂಗುತ್ತಾನೆ, ಹಿಂದಿನವನು ‘ಚಲಾಂಬ್ರಿಗ್ಯೋ’ ಎಂದು ಓಗೊಟ್ಟು ಚೆಲ್ಲುತ್ತಾನೆ. ಬಸಂತರಾಯನ ಮನೆತನಕ್ಕೆ ಇನ್ನೊಂದು ಕಟ್ಟಳೆ ಇತ್ತು: ಚರಗದ ಸುತ್ತಿನಿಂದ ಹೊರಗೆ ಉಳಿದ ನೆಲಕ್ಕೆ ಮುಂದಿನ ಚರಗದವರೆಗೆ ಕಬ್ಬಿಣ ಮುಟ್ಟಿಸಬಾರದು. ಉಣ್ಣಿಸದವಳಿಂದ ದುಡಿಸಿಕೊಳ್ಳುವುದು ಅಧರ್ಮವೆಂದು ಅವನ ಅಜ್ಜ ಹೇಳಿದ್ದನಂತೆ. ಆಳುಗಳ ವಿಷಯದಲ್ಲಿ ಆ ಅಜ್ಜ ಏನು ಹೇಳಿದ್ದನೋ ಯಾರಿಗೂ ನೆನಪಿಲ್ಲ.

ಮೂವತ್ತು ವರ್ಷ ಬಸಂತರಾಯನ ಮುಂದೆ ಕೂಗಿದವನು ಮಡಿವಾಳಪ್ಪ. ಎಣ್ಣೆ ಕಾಣದ ಬಾವಿಯ ಗಡಗಡಿಯಂತೆ ಅವನ ‘ಹುಲ್ಲುಲಿಗ್ಯೋ’ ನಡುವೆ ಒಡೆದು, ಕೊನೆಗೆ ಮೇಲೇರುತ್ತಿತ್ತು. ಕಣ್ಣು ಹೋದ ಮೇಲೆ ಬಸಂತರಾಯ ಸುತ್ತು ಹಾಕುತ್ತಿದ್ದುದು ಆ ದನಿಯ ಬೆನ್ನು ಹಿಡಿದೇ.

ಆ ಎಳ್ಳಮಾವಾಸ್ಯೆಯ ಮಧ್ಯಾಹ್ನ ಧರ್ಮರಾಜ ಜೋಳದೊಳಗೆ ಕೂತಿದ್ದ. ಜೋಳ ಆಳುದ್ದ ನಿಂತಿತ್ತು. ಯೋಚನೆ ಸರಳ: ಮುದುಕನನ್ನು ಮೂವತ್ತು ಫೂಟು ಒಳಗಿಂದ ಕರೆದೊಯ್ದರೆ ಅಂಚು ಹೊರಗೆ ಉಳಿಯುತ್ತದೆ. ಆದರೆ ಗಂಟಲು ಒಪ್ಪಲಿಲ್ಲ. ಬದುಕಿದ್ದವರ ದನಿ ಕದ್ದರೆ ಅವರು ಬೈದಾರು. ಸತ್ತವನ ಹತ್ತಿರ ಉಳಿದ ಆಸ್ತಿ ಅದೊಂದೇ. ಎದ್ದು ಹೋಗಿಬಿಡಬೇಕೆಂದು ಅವನು ಪಂಜೆ ಕೊಡವಿದ.

ಅಷ್ಟರಲ್ಲಿ ಬಸಂತರಾಯ ಬಂದ, ಬುಟ್ಟಿ ಬಗಲಲ್ಲಿ. ಸಿಂದಗಿಯಲ್ಲಿ ಅಡತಿ ಅಂಗಡಿ ಇಟ್ಟಿದ್ದ ಮಗ ಸಿದ್ದಾರೂಢ ತಂಬಿಗೆ ಹಿಡಿದು ಮೂವತ್ತು ಹೆಜ್ಜೆ ಹಿಂದಿದ್ದ.

“ಅಪ್ಪಾ, ನಾ ಮುಂದ ಹೋಗ್ಲ್ಯಾ?”

“ಬ್ಯಾಡ. ನನ್ನ ಹೊಲ ನನ್ನ ಕಾಲಿಗಿ ಗೊತ್ತೈತಿ.”

ಕಾಲಿಗೆ ಗೊತ್ತಿದ್ದದ್ದು ಹಳೆಯ ಅಂಚು. ಅದು ಸೆಪ್ಟೆಂಬರಿನಲ್ಲೇ ಹೊಳೆಯೊಳಗೆ ಹೋಗಿತ್ತು. ಮುದುಕ ಚೆಲ್ಲುತ್ತ, ತನ್ನಷ್ಟಕ್ಕೆ ಗೊಣಗುತ್ತ, ನೆಟ್ಟಗೆ ಒಡೆದ ದಂಡೆಯ ಬಾಯಿಯ ಕಡೆಗೇ ನಡೆದ. ನಾಲ್ಕು ಹೆಜ್ಜೆ. ಮೂರು.

“ಹುಲ್ಲುಲಿಗ್ಯೋ!”

ಧರ್ಮರಾಜ ಕೂಗಿದ್ದಲ್ಲ, ಅವನಿಂದ ಅದು ಹೊರಬಿತ್ತು. ನಡುವೆ ಒಡೆದು, ಕೊನೆಗೆ ಮೇಲೇರಿತು.

ಬಸಂತರಾಯ ನಿಂತುಬಿಟ್ಟ. ಹಿಂದೆ ತಂಬಿಗೆ ಬಿದ್ದ ಸದ್ದಾಯಿತು. ಸಿದ್ದಾರೂಢ ಜೋಳ ಮುರಿಯುತ್ತ ಊರ ಕಡೆಗೆ ಓಡಿದ. ಮುದುಕ ಮಾತ್ರ ಮುಖವನ್ನು ದನಿಯ ಕಡೆಗೆ ತಿರುಗಿಸಿ, “ಚಲಾಂಬ್ರಿಗ್ಯೋ,” ಎಂದ. ಒಂದು ಹೆಜ್ಜೆ ಒಳಗಿಟ್ಟ.

ಆಮೇಲೆ ಬಿಡುವಂತಿರಲಿಲ್ಲ. ಧರ್ಮರಾಜ ಬಾಗಿ ಬಾಗಿ ಜೋಳದೊಳಗೆ ಹಿಂದಕ್ಕೆ ಸರಿಯುತ್ತ ಕೂಗಿದ, ಮುದುಕ ಓಗೊಡುತ್ತ ಬಂದ. ಹೊಲದ ಉದ್ದಕ್ಕೂ ಹೀಗೇ ಇಬ್ಬರೂ ನಡೆದರು. ಕಡೆಯ ಮೂಲೆಯ ಬನ್ನಿಗಿಡ ಮುಟ್ಟಿದಾಗ ಬಸಂತರಾಯ ಬುಟ್ಟಿ ಕೆಳಗಿಟ್ಟು, ಯಾರಿಗೂ ಎಂದೂ ಮುಗಿಯದ ಕೈಗಳನ್ನು ಜೋಳಕ್ಕೆ ಮುಗಿದ.

ಧರ್ಮರಾಜ ಹಿಂದೆ ಹೊರಳಿದರೆ ಅಲ್ಲಿ ತಿಪ್ಪವ್ವ ನಿಂತಿದ್ದಳು. ಬುತ್ತಿಯ ಹತ್ತಿರ ಕೂತಿದ್ದವಳು ಗಂಡನ ದನಿ ಕೇಳಿ ಬರಿಗಾಲಲ್ಲಿ ಓಡಿ ಬಂದಿದ್ದಳು. ಜೋಳದ ಗರಿ ಮುಖವನ್ನೆಲ್ಲ ಕೊಯ್ದಿತ್ತು. ಬಾಯಿಗೆ ಹಿಡಿದ ಅವನ ಕೈಗಳನ್ನು ನೋಡಿದಳು. ಹೊಡೆದಾಳೆಂದು ಅವನು ಕಣ್ಣು ಮುಚ್ಚಿದ.

“ಇನ್ನೊಮ್ಮಿ ತಗಿ,” ಎಂದಳು.

“ಏನ ಬೇ?”

“ತಿಪ್ಪೀ ಅಂತ ಕರಿ. ಊಟಕ್ಕ ಬಂದಾಗ ಕರೀತಿದ್ದ ನೋಡು, ಹಂಗ.”

“ಬ್ಯಾಡ ಚಿಗವ್ವ. ತಪ್ಪಾತು.”

“ಧಣಿಗಿ ತಗದೆಲ್ಲೋ. ನನಗ ಯಾಕ ತಗಿಯಾಂಗಿಲ್ಲ?”

ಅವನು ಕರೆದ. ಒಂದೇ ಸಲ. ತಿಪ್ಪವ್ವ ‘ಹ್ಞಾಂ’ ಎಂದು ಓಗೊಟ್ಟು, ಸೆರಗಿನಿಂದ ಮುಖದ ರಕ್ತ ಒರೆಸಿಕೊಂಡು, ಬಂದ ದಾರಿಯಲ್ಲಿ ಹೋದಳು. ಯಾರ ಮುಂದೆಯೂ ಹೇಳಲಿಲ್ಲ. ಅಂದಿನಿಂದ ಒಂದು ತಿಂಗಳು ಧರ್ಮರಾಜನ ಗಂಟಲಲ್ಲಿ ಯಾರ ದನಿಯೂ ಹುಟ್ಟಲಿಲ್ಲ, ಅವನದು ಕೂಡ ಸರಿಯಾಗಿ.

ಸಂಜೆಯ ಹೊತ್ತಿಗೆ ಸುದ್ದಿ ಊರು ತುಂಬಿತ್ತು: ಮಡಿವಾಳಪ್ಪ ಬಂದಿದ್ದ, ಧಣಿಯನ್ನು ಅಂಚಿನಿಂದ ಒಳಗೆ ಕರೆದುಕೊಂಡು ನಡೆದ. ಬಸಂತರಾಯ ಅಂಚಿನ ಜೋಳವನ್ನು ಹಕ್ಕಿಗೆ ಬಿಟ್ಟ. ಬೇಸಿಗೆಯಲ್ಲಿ, ಅಂಜಿಕೆ ಇಳಿದ ಸಿದ್ದಾರೂಢ ಟ್ರ್ಯಾಕ್ಟರ್ ತಂದ.

“ಯಾವನೋ ಕುರಿ ಕಾಯಾವ ಕೂಗಿರಬೇಕಪ್ಪ. ಹತ್ತು ಸಾಲು ಕಬ್ಬು ಸುಮ್ಮ ಬಿಡೂದೇನು?”

“ಕುರಿ ಕಾಯಾವ ಕೂಗಿದ್ರ ನೀ ಯಾಕ ಕುರಿ ಹಂಗ ಓಡಿದೆಪಾ?” ಎಂದ ಮುದುಕ. ಟ್ರ್ಯಾಕ್ಟರ್ ವಾಪಸ್ ಹೋಯಿತು.

ಧರ್ಮರಾಜ ಬಂದು, ಅಲ್ಲಿ ಲಾವಂಚ ಹಚ್ಚಲೇ ಎಂದು ಕೇಳಿದ. “ಆ ನೆಲ ಈ ವರ್ಷ ನಂದಲ್ಲ, ಮಡಿವಾಳಂದು. ಅವನ್ನ ಕೇಳು,” ಎಂದ ಬಸಂತರಾಯ. ಕೇಳಲು ಆಗದವನನ್ನು ಕೇಳದೆಯೇ ಧರ್ಮರಾಜ ಹಚ್ಚಿದ. ತಿಪ್ಪವ್ವ ಕೊಡ ಹೊತ್ತು ನೀರು ಹಾಕಿದಳು. ನೊಕ್ಕಿ, ಆಪು, ಕರಿಕೆ ತಾವೇ ಬಂದವು. ಮುಂದಿನ ಎರಡು ಚರಗಗಳಲ್ಲೂ ಮುದುಕ, ಮಡಿವಾಳಪ್ಪನ ದನಿ ತೋರಿಸಿದ ದಾರಿಯನ್ನೇ ತುಳಿದ. ಕೂಗುವವರಿರಲಿಲ್ಲ, ಒಂದೊಂದು ಕಡೆ ನಿಂತು ಕಿವಿಗೊಟ್ಟು, ಬನ್ನಿಗಿಡದ ಬುಡಕ್ಕೆ ಮಡಿವಾಳಪ್ಪನ ಹೆಸರಲ್ಲಿ ಕಾಯಿ ಒಡೆಯುತ್ತಿದ್ದನಂತೆ.

2006ರ ಆಗಸ್ಟಿನಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಮೂರು ದಿನ ಭೀಮೆ ಹೊಳೆಯಾಗಿರಲಿಲ್ಲ, ಕಂದು ಗೋಡೆಯಾಗಿದ್ದಳು. ರಾವಸಾಬನ ಬೋಳು ದಂಡೆ ರೊಟ್ಟಿ ಮುರಿದಂತೆ ಮುರಿಯಿತು. ಮೂರೆಕರೆ ಕಬ್ಬು, ಪಂಪಿನ ಮನೆ, ಕಟ್ಟಿದ ಹಗ್ಗ ಬಿಚ್ಚಲಾಗದೆ ಎರಡು ಎಮ್ಮೆ ಹೋದವು. ಎಮ್ಮೆ ಬಿಚ್ಚಲು ಹೋದ ಅವನ ತಮ್ಮನೂ ಹೋದ. ಹೆಣ ಸಿಗಲೇ ಇಲ್ಲ. ನೀರು ಇಳಿದಾಗ ಊರ ಹೊಳೆದಂಡೆಯೆಲ್ಲ ಕಚ್ಚಿ ಬಿಟ್ಟ ಹಣ್ಣಿನಂತಿತ್ತು. ತಿರುವಿನಲ್ಲಿ ಮಾತ್ರ ಹೊಳೆ ಹನ್ನೊಂದು ಫೂಟು ತಿಂದು, ಬೇರಿನ ಜಾಳಿಗೆಯಲ್ಲಿ ಹಲ್ಲು ಸಿಕ್ಕಿಸಿಕೊಂಡು ನಿಂತಿತ್ತು. ಗುಂಡವ್ವನ ಗೋಡೆ ಬಿದ್ದಿತ್ತು, ಬುದ್ಧನ ಪಟ ಕೆಸರಲ್ಲಿತ್ತು. ನೆಲ ಇತ್ತು.

ಹದಿನೈದು ದಿನಕ್ಕೆ ಬಸಂತರಾಯ ಊರವರನ್ನು ತಿರುವಿಗೆ ಕರೆಸಿದ, ಮಡಿವಾಳಪ್ಪನ ಹೆಸರಲ್ಲಿ ಕಲ್ಲು ನಿಲ್ಲಿಸಲು. ಅಲ್ಲೇ ರಾವಸಾಬ, ತಮ್ಮನಿಗಾಗಿ ಬೋಳಿಸಿದ ತಲೆ ಹೊತ್ತು, ಟ್ರ್ಯಾಕ್ಟರಿನವನೊಡನೆ ಮಾತಾಡುತ್ತಿದ್ದ. ಉಳಿದ ಅಂಚನ್ನು ಸಮ ಮಾಡಿ ಮತ್ತೆ ಉಳಬೇಕಿತ್ತಂತೆ.

ಧರ್ಮರಾಜನಿಗೆ ತಡೆಯಲಾಗಲಿಲ್ಲ. “ಕಾಕಾ, ಮತ್ತ ಅಂಚ ಉಳ್ತೀರಿ? ಇದನ್ನ ನೋಡ್ರಿ. ಹುಲ್ಲು ಹಿಡದ ನಿಲ್ಲಿಸೇತಿ.”

“ಹುಲ್ಲು ಅಲ್ಲೋ. ಮಡಿವಾಳಪ್ಪ ಹಿಡದು ನಿಲ್ಲಿಸ್ಯಾನ.” ರಾವಸಾಬನ ದನಿಯಲ್ಲಿ ಹಳೆಯ ಕುಹಕ ಇರಲಿಲ್ಲ. “ಇವರ ಹೊಲಕ್ಕ ಸತ್ತಾವ ಒಬ್ಬ ಕಾವಲಿದ್ದ. ನಮಗ ಯಾರದಾರ?”

“ಈಗ ನಿಮ್ಮ ತಮ್ಮ ಅದಾನಲ್ಲ,” ಎಂದ ಹಿಂದಿನಿಂದ ಯಾರೋ, ಸಮಾಧಾನ ಹೇಳುವವನಂತೆ. ರಾವಸಾಬ ಹೌದೆಂದು ತಲೆಯಾಡಿಸಿದ.

ಆ ತಲೆ ಆಡಿದ್ದನ್ನು ಧರ್ಮರಾಜ ನೋಡಿದ. ಮೂರು ವರ್ಷದ ಹಿಂದೆ ಒಂದು ಸುಳ್ಳು ಬಿತ್ತಿದ್ದ. ಅದೀಗ ಊರ ತುಂಬ ಬೆಳೆದು, ಹೊಲಕ್ಕೊಂದು ಹೆಣ ಕೇಳುತ್ತಿತ್ತು. ಹೇಳಿದರೆ ಸಿದ್ದಾರೂಢ ಕಾಲು ಮುರಿದಾನು. ಮಡಿವಾಳಪ್ಪ ಬಂದೇ ಇಲ್ಲವೆಂದ ಮೇಲೆ ಆ ಹುಲ್ಲಿನ ಪಟ್ಟಿಗೆ ನಾಳೆಯೇ ನೇಗಿಲು ಬಿದ್ದೀತು, ನಾಡಿದ್ದು ಅವ್ವನ ಹೊಲ ಹೋದೀತು. ಹೇಳದಿದ್ದರೆ ಉಳಿದ ಹತ್ತೊಂಬತ್ತು ಹೊಲಗಳಲ್ಲಿ ಯಾರು ಯಾರು ಹೋದಾರೋ. ಗುಂಡವ್ವ ಅವನ ತೋಳು ಬಿಗಿ ಹಿಡಿದಳು. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ. ತಿಪ್ಪವ್ವ ದೂರದಿಂದ ನೋಡಿ, “ಹೇಳಿಬಿಡು,” ಎಂದಳು.

“ಮಡಿವಾಳಪ್ಪ ಬಂದಿದ್ದಿಲ್ಲರಿ,” ಎಂದ ಧರ್ಮರಾಜ. “ನಾ ಬಂದಿದ್ದೆ.”

ಯಾರಿಗೂ ತಿಳಿಯಲಿಲ್ಲ. ಅವನು ಕೈಯನ್ನು ಬಾಯಿಗೆ ಹಿಡಿದು, ತುಂಬಿದ ಹಗಲಲ್ಲಿ, ಎಲ್ಲರ ಎದುರಿಗೆ ಕೂಗಿದ.

“ಹುಲ್ಲುಲಿಗ್ಯೋ!”

ಕಲ್ಲು ಹಿಡಿದವರು ಕಲ್ಲು ಬಿಟ್ಟರು. ರಾವಸಾಬ ಕುಕ್ಕರಗಾಲಲ್ಲಿ ಕೂತುಬಿಟ್ಟ. ಸಿದ್ದಾರೂಢನಿಗೆ ಮೊದಲು ಅಂಜಿಕೆ ಬಂತು, ಆಮೇಲೆ ನೆನಪು, ಆಮೇಲೆ ಸಿಟ್ಟು.

“ಬೋಸುಡಿಕೆ! ಕುರುಡನ್ನ ಆಟ ಆಡಿಸಿದೇನಲೇ!” ಎಂದು ಕೈಯೆತ್ತಿ ಬಂದ. ಕುರುಡ ಎಂಬ ಮಾತು ಆ ಮನೆತನದ ಬಾಯಿಂದ ಅಂದೇ ಮೊದಲು ಬಂದದ್ದು. ಎಲ್ಲರೂ ಬಸಂತರಾಯನ ಕಡೆ ನೋಡಿದರು.

ಮುದುಕನ ಹೊಟ್ಟೆ ಅಲುಗಿತು. ಅಳುತ್ತಾನೆ ಎಂದುಕೊಂಡರು. ಕೆಮ್ಮಿ, ಕೋಲು ಕೈಬಿಟ್ಟು, ಅವನು ಒಮ್ಮೆಲೇ ನಕ್ಕ.

“ಮಡಿವಾಳ ಬದುಕಿದ್ದಾಗ ಬಡಕೊಂಡು ಹೇಳಿದ, ಧಣ್ಯಾರ ದಂಡಿ ಟೊಳ್ಳ ಐತಿ ಅಂತ. ಕೇಳಲಿಲ್ಲ. ಸತ್ತು ಬಂದು ಹೇಳಿದಾಗ ಕೈ ಮುಗದು ಕೇಳಿದೆ.” ಉಸಿರು ಸಾಲದೆ ಎದೆ ಹಿಡಿದುಕೊಂಡ. “ಈಗ ನೋಡಿದ್ರ ಅದೂ ಅವ ಅಲ್ಲಂತ! ಈ ಗುಂಡವ್ವನ ಮಗ ಅಂತ! ಮೂರು ವರ್ಷ ಇವಗ ಕಾಯಿ ಒಡದೇನಲ್ರೋ!”

ಯಾರೋ ಒಬ್ಬ ಕಿಸಕ್ಕೆಂದ. ಸಿದ್ದಾರೂಢನ ಕೈ ಇನ್ನೂ ಮೇಲೇ ಇತ್ತು. “ಇನ್ನ ನಗ್ತೀ ಏನಪ್ಪ ನೀ? ನಾಳೆ ಟ್ರ್ಯಾಕ್ಟರ್ ತರ್ತೇನಿ, ಇವರ ಹುಲ್ಲಿನ ಸುದ್ದೀನ ಬ್ಯಾಡ.”

“ಕೈ ಇಳಸು,” ಎಂದ ಬಸಂತರಾಯ, ಕಣ್ಣಿಂದ ನೀರು ಸುರಿಯುತ್ತಿದ್ದರೂ ನಗು ನಿಲ್ಲದೆ.

“ಕಾಣ್ತೈತೇನು ನಿನಗ, ಕೈ ಎತ್ತೀನಂತ?”

“ಕಾಣೂದಿಲ್ಲಪಾ. ಕಣ್ಣಿಲ್ಲ ನನಗ. ಊರಿಗೆಲ್ಲ ಗೊತ್ತೈತಿ, ಇವತ್ತ ನನಗೂ ಗೊತ್ತಾತು. ಆದ್ರ ಕೇಳು. ಈ ಮೂವತ್ತು ಫೂಟಿನ್ಯಾಗ ನೇಗಿಲ ಇಟ್ಟೀ ಅಂದ್ರ, ನಾ ಸತ್ತ ಮ್ಯಾಲೂ ಬರ್ತೇನಿ. ಬರದ ಬಿಡೂದಿಲ್ಲ. ದನಿ ತಗಿಯಾಕ ಧರ್ಮ ಅದಾನ!”

ಊರವರಲ್ಲಿ ಬಾಯಿಬಿಟ್ಟು ಮೊದಲು ನಕ್ಕವನು ರಾವಸಾಬ, ಕೂತಲ್ಲೇ, ಬೋಳುತಲೆಯನ್ನು ಮೊಣಕಾಲಿಗೆ ಒತ್ತಿಕೊಂಡು. ನಗುವೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ ಕಲ್ಲು ಹೊತ್ತವರು, ಆಮೇಲೆ ಟ್ರ್ಯಾಕ್ಟರಿನವನು, ಕೊನೆಗೆ ಸೆರಗು ಬಾಯಿಗೆ ಹಿಡಿದು ತಿಪ್ಪವ್ವ. ಧರ್ಮರಾಜ ಮಾತ್ರ ನಗಲಿಲ್ಲ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಬಸಂತರಾಯ. ಆಚೆ ದಡದ ಕುರಿಗಳು ಮೇಯುವುದು ಬಿಟ್ಟು ತಲೆಯೆತ್ತಿ ನೋಡುವಷ್ಟು ಜೋರಾಗಿ, ಹಲ್ಲಿಲ್ಲದ ಬಾಯಿ ತೆರೆದು, ಹೊಳೆಯ ಕಡೆಗೆ ಮುಖ ಮಾಡಿ ಅವನು ನಗುತ್ತಲೇ ಇದ್ದ.